ಜಂಗು ಹಿಡಿದು ಕೂತ ಆಕ್ಸಿಜನ್ ಸೆನ್ಸರ್ ಬಿಚ್ಚುವ ಬಗೆ

ಹತ್ತು-ಹದಿನೈದು ವರ್ಷ ಓಡಿದ ಪೆಟ್ರೋಲ್ ಕಾರಿನ ಸೈಲೆನ್ಸರ್ ಪೈಪಿನಿಂದ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಭಾಗ) ಬಿಚ್ಚುವಾಗ ಕಾಪಾಡಬೇಕಾದ್ದು ಅದು ಕೂತಿರುವ ಥ್ರೆಡ್, ಅಂದರೆ ತಿರುಪಿನ ಗೆರೆಗಳು. ಸೆನ್ಸರ್ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಥ್ರೆಡ್ ಕಿತ್ತು ಬಂದರೆ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಪೈಪು) ಇಳಿಸಿಕೊಂಡು ಲೇತಿಗೆ, ಅಲ್ಲಿಂದ ವೆಲ್ಡಿಂಗಿಗೆ ಅಲೆಯಬೇಕು.

ಬಿಚ್ಚಲೇಬೇಕೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0135 ಅಥವಾ ಪಿ0141 ಬಂದರೆ ಅದು ಸೆನ್ಸರಿನ ಹೀಟರ್ ಸರ್ಕ್ಯೂಟಿನ ದೂರು. ಮೊದಲನೆಯದು ಎಂಜಿನ್ ಕಡೆಯ ಸೆನ್ಸರಿನದು, ಎರಡನೆಯದು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ) ದಾಟಿದ ಮೇಲಿನದು. ಫ್ಯೂಸ್ ಹೋಗಿದ್ದರೂ, ಇಲಿ ವೈರ್ ಕಡಿದಿದ್ದರೂ ಇದೇ ಕೋಡ್ ಬರುತ್ತದೆ. ನಾಲ್ಕು ವೈರಿನ ಸೆನ್ಸರಿನಲ್ಲಿ ಒಂದೇ ಬಣ್ಣದ ಎರಡು ವೈರುಗಳು ಸಾಮಾನ್ಯವಾಗಿ ಹೀಟರಿನವು. ಕನೆಕ್ಟರ್ ಕಳಚಿ ಸೆನ್ಸರ್ ಕಡೆಯ ಆ ಎರಡರ ನಡುವೆ ಮಲ್ಟಿಮೀಟರ್ ಹಿಡಿದರೆ ಕೆಲವೇ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಹೀಟರ್ ಕಡಿದಿದೆ, ಸೆನ್ಸರ್ ಬದಲಿಸಿ. ಪಿ0420 ಬಂದ ತಕ್ಷಣ ಕನ್ವರ್ಟರಿನ ಹಿಂದಿರುವ ಸೆನ್ಸರ್ ಬದಲಿಸುವವರು ಬಹಳ ಮಂದಿ. ಆ ಕೋಡ್ ಹೆಚ್ಚಾಗಿ ಹೇಳುವುದು ಕನ್ವರ್ಟರ್ ಸೋತಿದೆ ಅಥವಾ ಪೈಪ್ ಎಲ್ಲೋ ಲೀಕ್ ಇದೆ ಎಂದು.

ಸೆನ್ಸರ್ ಜಾಮ್ ಆಗುವುದಕ್ಕೆ ಕಾರಣ ಜಂಗು ಒಂದೇ ಅಲ್ಲ. ಮ್ಯಾನಿಫೋಲ್ಡ್ ದಿನವೂ ನೂರಾರು ಡಿಗ್ರಿ ಕಾದು ತಣಿಯುತ್ತದೆ. ಸೆನ್ಸರಿನ ಲೋಹ, ಪೈಪಿನ ಲೋಹ ಬೇರೆ ಬೇರೆಯಾದ್ದರಿಂದ ಹಿಗ್ಗುವ ಪ್ರಮಾಣವೂ ಬೇರೆ. ಈ ತಿಕ್ಕಾಟದ ನಡುವೆ ಥ್ರೆಡ್ಡಿನ ಸಂದಿಯಲ್ಲಿ ತುಕ್ಕು ಬೆಳೆದು ಎರಡನ್ನೂ ಬಿಗಿಯುತ್ತದೆ. ಸ್ಟೇನ್‌ಲೆಸ್ ಪೈಪಾದರೆ ತುಕ್ಕಿಲ್ಲದೆಯೂ ತಿರುಗಿಸುವಾಗಲೇ ಲೋಹ ಲೋಹಕ್ಕೆ ಹತ್ತಿಕೊಳ್ಳುತ್ತದೆ. ನಮ್ಮ ಕಡೆ ಇದರ ಮೇಲೆ ಮಣ್ಣಿನ ಕಾಟ. ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲದ ರಸ್ತೆಯಲ್ಲಿ ಮಳೆಗಾಲ ಓಡಾಡಿದ ಗಾಡಿಯ ತಳದಲ್ಲಿ ಮೆತ್ತಿದ ಕಪ್ಪು ಮಣ್ಣು ತೇವವನ್ನು ಬಿಡುವುದೇ ಇಲ್ಲ. ಕನ್ವರ್ಟರಿನ ಹಿಂದಿರುವ ಸೆನ್ಸರ್ ಇದಕ್ಕೆ ಬೇಗ ಬಲಿ. ಮುಂದಿನದಕ್ಕೆ ಮಣ್ಣು ಕಡಿಮೆ, ಕಾವು ಜಾಸ್ತಿ. ಆದ್ದರಿಂದ ಹಿಂದಿನದನ್ನು ಬಿಚ್ಚುವ ಮುನ್ನ ತಂತಿ ಬ್ರಷ್ಷಿನಿಂದ ಬುಡವನ್ನು ಬರಿ ಲೋಹ ಕಾಣುವ ತನಕ ತಿಕ್ಕಿ. ಮಣ್ಣಿನ ಮೇಲೆ ಹಾಕಿದ ಎಣ್ಣೆಯನ್ನು ಮಣ್ಣೇ ಕುಡಿಯುತ್ತದೆ, ಥ್ರೆಡ್ಡಿಗೆ ತಲುಪುವುದಿಲ್ಲ.

ಕಾರುಗಳಲ್ಲಿ ಸಾಮಾನ್ಯವಾಗಿ ಥ್ರೆಡ್ ಎಂ18×1.5 (ಅಡ್ಡಳತೆ 18 ಮಿ.ಮೀ., ಗೆರೆಯಿಂದ ಗೆರೆಗೆ 1.5 ಮಿ.ಮೀ.), ಪಾನಾ 22 ಮಿ.ಮೀ. ತೆರೆದ ಬಾಯಿಯ ಪಾನಾ ಇದಕ್ಕೆ ಬೇಡವೇ ಬೇಡ, ಮೂಲೆಗಳನ್ನು ಸವೆಸುವುದೇ ಅದರ ಕೆಲಸ. ಪಕ್ಕ ಸೀಳಿರುವ ಆಕ್ಸಿಜನ್ ಸೆನ್ಸರ್ ಸಾಕೆಟ್ ಸಿಗುತ್ತದೆ, ವೈರ್ ಆ ಸೀಳಿನಿಂದ ಹೊರಬರುತ್ತದೆ. ಆದರೆ ಜೋರು ಬಿದ್ದಾಗ ಆ ಸೀಳೇ ಬಾಯಿ ಬಿಡುತ್ತದೆ. ಹಳೆಯ ಸೆನ್ಸರ್ ಎಸೆಯುವುದೇ ಆದರೆ ವೈರನ್ನು ಬುಡದಲ್ಲಿ ಕತ್ತರಿಸಿ, ಸೀಳಿಲ್ಲದ ಆರು ಮೂಲೆಯ ಉದ್ದನೆಯ ಸಾಕೆಟ್ ಅಥವಾ ರಿಂಗ್ ಪಾನಾ ಕೂರಿಸಿ. ಹನ್ನೆರಡು ಮೂಲೆಯದು ಜಾರುತ್ತದೆ. ಕನೆಕ್ಟರ್ ಇಲ್ಲದೆ ಬರುವ ಯೂನಿವರ್ಸಲ್ ಸೆನ್ಸರ್ ತಂದಿದ್ದರೆ ಮಾತ್ರ ಹಳೆಯ ಕನೆಕ್ಟರ್ ವೈರ್ ಸಮೇತ ಬೇಕಾಗುತ್ತದೆ, ಆಗ ಕನೆಕ್ಟರ್ ಕಡೆ ಸಾಕಷ್ಟು ಉದ್ದ ಬಿಟ್ಟು ಕತ್ತರಿಸಿ. ಜೊತೆಗೆ ಅರ್ಧ ಇಂಚಿನ ಡ್ರೈವಿನ ಉದ್ದ ಹ್ಯಾಂಡಲ್, ಗಾಡಿ ಎತ್ತಿದರೆ ಅಡಿಗೆ ಎರಡು ಸ್ಟ್ಯಾಂಡ್. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿ ಮಲಗಿ ಪಾನಾ ಜಗ್ಗಬಾರದು.

ಹಿಂದಿನ ಸಂಜೆಯೇ ಎಣ್ಣೆ ಹಾಕಿ. ಡಬ್ಲ್ಯುಡಿ-40ರ ಸಾಮಾನ್ಯ ಡಬ್ಬಿಗಿಂತ ತುಕ್ಕು ಬಿಡಿಸಲೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಒಳ್ಳೆಯದು. ಅದಿಲ್ಲದಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್, ಅಸಿಟೋನ್ ಸಮ ಪ್ರಮಾಣದಲ್ಲಿ ಬೆರೆಸಿ. ಇವೆರಡೂ ನಿಂತರೆ ಬೇರ್ಪಡುತ್ತವೆ, ಪ್ರತಿ ಸಲ ಕುಲುಕಿ ಹಾಕಿ. ಅಸಿಟೋನ್ ಬೇಗ ಬೆಂಕಿ ಹಿಡಿಯುವಂಥದ್ದು, ಮುಚ್ಚಿದ ಗ್ಯಾರೇಜಿನಲ್ಲಿ ಬೇಡ, ಬಿಸಿ ಪೈಪಿನ ಮೇಲಂತೂ ಬೇಡವೇ ಬೇಡ. ಪೈಪ್ ಪೂರ್ತಿ ತಣಿದ ಮೇಲೆ ಬುಡದ ಸುತ್ತ ಹಾಕಿ, ಷಟ್ಕೋನದ ಪಕ್ಕಗಳಿಗೆ ಸಣ್ಣ ಸುತ್ತಿಗೆಯಿಂದ ಹಗುರಾಗಿ ನಾಲ್ಕು ತಟ್ಟಿ, ರಾತ್ರಿ ಇನ್ನೊಮ್ಮೆ ಹಾಕಿ ಬಿಡಿ. ಕನ್ವರ್ಟರನ್ನು ಬಡಿಯಬೇಡಿ, ಒಳಗಿನ ಜೇನುಗೂಡಿನಂಥ ಪಿಂಗಾಣಿ ಪುಡಿಯಾಗುತ್ತದೆ.

ಬೆಳಿಗ್ಗೆ ಬಟ್ಟೆಯಿಂದ ಎಣ್ಣೆ ಚೆನ್ನಾಗಿ ಒರೆಸಿ, ಎಂಜಿನ್ ಎರಡು-ಮೂರು ನಿಮಿಷ ಓಡಿಸಿ ನಿಲ್ಲಿಸಿ. ಕೈಗೆ ದಪ್ಪ ಚರ್ಮದ ಗ್ಲೌಸ್ ಇರಲಿ. ಸಾಕೆಟ್ ತಳಮಟ್ಟ ಕೂತಿದೆಯೇ ನೋಡಿಕೊಂಡು, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ. ತುಕ್ಕಿನ ಪದರ ಒಡೆಯುವುದು ಅಲ್ಲೇ. ಆಮೇಲೆ ಬಿಚ್ಚುವ ದಿಕ್ಕಿಗೆ ಜಗ್ಗಿ. ವೈರ್ ಇರುವ ತುದಿಯಿಂದ ನೋಡಿದಾಗ ಗಡಿಯಾರಕ್ಕೆ ವಿರುದ್ಧ ದಿಕ್ಕು. ಗಾಡಿಯ ಅಡಿ ಮಲಗಿ ತಲೆ ಮೇಲೆ ಮಾಡಿದಾಗ ಇದು ಬಹಳ ಜನಕ್ಕೆ ತಿರುವುಮುರುವಾಗುತ್ತದೆ, ಪೈಪಿನ ಮೇಲೆ ಚಾಕ್‌ಪೀಸಿನಿಂದ ಬಾಣ ಬರೆದುಕೊಂಡರೆ ನಾಚಿಕೆಯೇನಿಲ್ಲ.

ಕಾಲು ಸುತ್ತು ಬಂತೆಂದರೆ ಖುಷಿಯಲ್ಲಿ ಒಂದೇ ಸಮ ತಿರುಗಿಸಬೇಡಿ. ಕಾಲು ಸುತ್ತು ಹೊರಗೆ, ಅದರ ಅರ್ಧ ಒಳಗೆ, ಪೈಪ್ ಬೆಚ್ಚಗಿದ್ದರೆ ಆಯಿಲ್ ನಾಲ್ಕು ಹನಿ (ಅಸಿಟೋನ್ ಮಿಶ್ರಣವಾದರೆ ತಣಿಯುವ ತನಕ ಕಾಯಿರಿ), ಮತ್ತೆ ಕಾಲು ಸುತ್ತು. ಕಿರ್ ಎಂದು ಸದ್ದು ಬಂದು ತಿರುಗುವುದು ಬಿಗಿಯಾಗುತ್ತಾ ಹೋದರೆ, ತುಕ್ಕಿನ ಪುಡಿ ಥ್ರೆಡ್ಡಿನೊಳಗೆ ಸಿಕ್ಕಿ ಕೊರೆಯುತ್ತಿದೆ ಎಂದರ್ಥ. ಆಗ ನಿಲ್ಲಿಸಿ, ಒಳಕ್ಕೆ ತಿರುಗಿಸಿ, ಎಣ್ಣೆ ಹಾಕಿ ಹತ್ತು ನಿಮಿಷ ಬಿಡಿ. ಇಂಥ ಹೊತ್ತಿಗೆ ಪಕ್ಕದಲ್ಲಿ ನಿಂತು "ಇನ್ನಷ್ಟು ಉದ್ದನ್ ಪೈಪ್ ಹಾಕಿ ಜಗ್ಗ್ರಿ, ಬರ್ತೈತಿ" ಎನ್ನುವವರು ಇದ್ದೇ ಇರುತ್ತಾರೆ. ಬರುತ್ತದೆ ನಿಜ, ಥ್ರೆಡ್ ಸಮೇತ ಬರುತ್ತದೆ. ಇಂಪ್ಯಾಕ್ಟ್ ಗನ್ನಿಗೂ ಇದೇ ಮಾತು.

ಇಷ್ಟಕ್ಕೂ ಅಲುಗದಿದ್ದರೆ ಬೆಂಕಿ. ಅದಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಹತ್ತಿರ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ರಬ್ಬರ್, ವೈರಿಂಗ್ ಏನಿದೆ ನೋಡಿ. ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇರುವ ಗಾಡಿಯಾದರೆ ಮನೆಯಲ್ಲಿ ಬೆಂಕಿ ಹಿಡಿಯುವ ಯೋಚನೆಯನ್ನೇ ಬಿಡಿ, ಪೈಪ್ ಇಳಿಸಿ ಹೊರಗೆ ತನ್ನಿ. ಹಾಕಿದ ಎಣ್ಣೆಯನ್ನೆಲ್ಲ ಒರೆಸಿರಬೇಕು. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ತೊಳೆದ ಜಾಗಕ್ಕೆ ಜ್ವಾಲೆ ತಾಗಿಸಬೇಡಿ: ಕ್ಲೋರಿನ್ ಇರುವ ಕ್ಲೀನರ್ ಕಾದರೆ ಹುಟ್ಟುವ ಫಾಸ್ಜೀನ್ ಹೊಗೆ ಪ್ರಾಣಕ್ಕೇ ಕುತ್ತು.

ಕಾಯಿಸಬೇಕಾದ್ದು ಸೆನ್ಸರನ್ನಲ್ಲ, ಅದರ ಸುತ್ತ ಪೈಪಿಗೆ ವೆಲ್ಡ್ ಮಾಡಿದ ದಪ್ಪ ಉಂಗುರವನ್ನು. ಉಂಗುರ ಹಿಗ್ಗಬೇಕು, ಸೆನ್ಸರ್ ಅದಕ್ಕಿಂತ ತಣ್ಣಗಿರಬೇಕು. ಜ್ವಾಲೆಯನ್ನು ಒಂದೇ ಕಡೆ ಹಿಡಿಯದೆ ಸುತ್ತ ಆಡಿಸುತ್ತ ಮಂದ ಕೆಂಪು ಬರುವ ತನಕ ಕಾಯಿಸಿ. ಕೆಂಪು ಇಳಿದ ಕೂಡಲೇ ಸಾಮಾನ್ಯ ಮೇಣದಬತ್ತಿಯ ತುದಿಯನ್ನು ಸಂದಿಗೆ ಮುಟ್ಟಿಸಿ, ಕರಗಿದ ಮೇಣ ಥ್ರೆಡ್ಡಿನೊಳಗೆ ತಾನೇ ಹೀರಿಕೊಳ್ಳುತ್ತದೆ. ಅದು ಹೊಗೆಯಾಡುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ, ಫೈರ್ ಎಕ್ಸ್‌ಟಿಂಗ್ವಿಷರ್ ಕೈಗೆಟುಕುವಂತಿರಲಿ. ಈಗ ಮತ್ತೆ ಹಿಂದೆ-ಮುಂದೆ ಆಡಿಸಿ ಬಿಚ್ಚಿ. ಎರಕದ ಮ್ಯಾನಿಫೋಲ್ಡ್ ಆದರೆ ನಿಧಾನವಾಗಿ ಕಾಯಿಸಿ, ನೀರು ಹೊಡೆದು ತಣಿಸಬೇಡಿ, ಸೀಳುತ್ತದೆ. ಮೂಲೆಗಳು ಆಗಲೇ ಸವೆದಿದ್ದರೆ ಸೆನ್ಸರಿನ ತಲೆ ಕೊಯ್ದು, ಉಳಿದ ಭಾಗದ ಮೇಲೆ ದೊಡ್ಡ ನಟ್ಟೊಂದನ್ನು ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಕಾವೇ ಅರ್ಧ ಕೆಲಸ ಮಾಡಿಬಿಡುತ್ತದೆ.

ಬಿಚ್ಚಿದ ಮೇಲೆ ಎಂ18×1.5 ಟ್ಯಾಪಿನ (ಥ್ರೆಡ್ ಕೊರೆಯುವ ಉಪಕರಣ) ಕೊರಕಲುಗಳಿಗೆ ಗ್ರೀಸ್ ತುಂಬಿ ಕೈಯಿಂದ ಥ್ರೆಡ್ ಸ್ವಚ್ಛ ಮಾಡಿ. ಚೂರುಗಳು ಗ್ರೀಸಿಗೆ ಅಂಟುತ್ತವೆ, ಇಲ್ಲದಿದ್ದರೆ ನೇರ ಕನ್ವರ್ಟರಿಗೆ ಬೀಳುತ್ತವೆ. ಟ್ಯಾಪ್ ಓರೆ ಹಿಡಿಯಿತು ಎನಿಸಿದರೆ ಅಲ್ಲೇ ಬಿಡಿ. ಥ್ರೆಡ್ ಪೂರ್ತಿ ಹೋಗಿದ್ದರೆ ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕಡೆ ಯಾವುದಾದರೂ ಲೇತ್ ಅಂಗಡಿಯಲ್ಲಿ ಹಳೆಯ ಸೆನ್ಸರನ್ನೇ ಅಳತೆಗೆ ಕೊಟ್ಟು ಹೊಸ ಉಂಗುರ ಮಾಡಿಸಿ ವೆಲ್ಡ್ ಮಾಡಿಸಬಹುದು. ಎರಕದ ಕಬ್ಬಿಣಕ್ಕಾದರೆ ನಿಕಲ್ ರಾಡ್ ಬೇಕು, ಮೊದಲೇ ಕಾಯಿಸಿಕೊಳ್ಳಲೂ ಬೇಕು. ಜಾಗ ಬದಲಿಸಿದರೆ ವೈರಿನ ತುದಿ ಮಟ್ಟಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಿರಲಿ, ಇಲ್ಲವಾದರೆ ತಣ್ಣಗಿನ ಎಂಜಿನ್ ಬೆಳಿಗ್ಗೆ ಶುರು ಮಾಡಿದಾಗ ಪೈಪಿನಲ್ಲಿ ಹನಿಗಟ್ಟುವ ನೀರು ಸೆನ್ಸರಿನೊಳಗೆ ನಿಂತು ಬಿಸಿ ಪಿಂಗಾಣಿಯನ್ನು ಸೀಳುತ್ತದೆ.

ಹೊಸ ಸೆನ್ಸರಿನ ಥ್ರೆಡ್ಡಿಗೆ ಕಂಪನಿಯಲ್ಲೇ ಆ್ಯಂಟಿ-ಸೀಜ್ (ಥ್ರೆಡ್ ಜಾಮ್ ಆಗದಂತೆ ತಡೆಯುವ ಪೇಸ್ಟ್) ಹಚ್ಚಿದ್ದರೆ ಮೇಲೆ ಮತ್ತೆ ಹಚ್ಚಬೇಡಿ. ಇಲ್ಲದಿದ್ದರೆ ತಾಮ್ರ ಅಥವಾ ನಿಕಲಿನದನ್ನು ತೆಳ್ಳಗೆ, ಥ್ರೆಡ್ಡಿಗೆ ಮಾತ್ರ ಹಚ್ಚಿ. ತೂತಿರುವ ತುದಿಗೆ ತಾಗಬಾರದು. ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ಹತ್ತಿರವೂ ತರಬೇಡಿ, ಅದರ ಆವಿ ಸೆನ್ಸರನ್ನು ಕೊಲ್ಲುತ್ತದೆ. ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ, ಆಮೇಲೆ ಮ್ಯಾನ್ಯುಯಲ್ ಹೇಳಿದಷ್ಟು, ಸಾಮಾನ್ಯವಾಗಿ 40 ನ್ಯೂಟನ್ ಮೀಟರಿನ ಆಸುಪಾಸು, ಬಿಗಿಯಿರಿ. ಕನೆಕ್ಟರ್ ಕೊನೆಗೆ ಹಾಕಿ, ಮೊದಲೇ ಹಾಕಿದರೆ ವೈರ್ ತಿರುಚಿಕೊಳ್ಳುತ್ತದೆ. ಯೂನಿವರ್ಸಲ್ ಸೆನ್ಸರಿನ ವೈರುಗಳನ್ನು ಬೆಸುಗೆ ಹಾಕದೆ ಕ್ರಿಂಪ್ ಮಾಡಿ, ಅಂದರೆ ಲೋಹದ ಕೊಳವೆಯಲ್ಲಿಟ್ಟು ಒತ್ತಿ ಜೋಡಿಸಿ. ಎಷ್ಟೋ ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದು ಆ ವೈರಿನ ಎಳೆಗಳ ಸಂದಿಯಿಂದಲೇ. ಕನೆಕ್ಟರಿಗೆ ಗ್ರೀಸ್ ತುಂಬಬಾರದು ಎನ್ನುವುದೂ ಅದಕ್ಕೇ.

ಕೋಡ್ ಅಳಿಸಿ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುವಷ್ಟು ದೂರ ಓಡಿಸಿ ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡಿ. ಹಳೆಯ ಬಗೆಯ ಜಿರ್ಕೋನಿಯಾ ಸೆನ್ಸರಾದರೆ ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಏರಿಳಿಯುತ್ತಿರಬೇಕು, ಹಿಂದಿನದು ಬಹುಮಟ್ಟಿಗೆ ನಿಂತಿರಬೇಕು. ಮುಂದಿನದು ಕೆಳಗೇ ಅಂಟಿಕೊಂಡಿದ್ದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಹುಡುಕಿ. ಹಿಂದಿನದೂ ಮುಂದಿನದರಂತೆ ಕುಣಿಯುತ್ತಿದ್ದರೆ ಕನ್ವರ್ಟರ್ ನೋಡಿಸಿ.