ಒಂದೂವರೆ ತಿಂಗಳ ಸೂಜಿ: ಆ ರಾತ್ರಿ ಏನು ಮಾಡಬೇಕು?

ಗುರುವಾರ ಬೆಳಿಗ್ಗೆ ಜಗಳೂರು ಕಡೆಯ ಅಂಗನವಾಡಿಗೆ ಹೋಗಿ ನೋಡಿ. ತಾಯಿ ಕಾರ್ಡ್ ಹಿಡಿದ ಬಾಣಂತಿ, ಪಕ್ಕದಲ್ಲಿ ಅಜ್ಜಿ, ಮಡಿಲಲ್ಲಿ ಒಂದೂವರೆ ತಿಂಗಳ ಕೂಸು. ಸೂಜಿ ಹಾಕಿದ ಕೂಡಲೇ ಕೂಸು ಕಿರುಚುತ್ತದೆ, ಎರಡು ನಿಮಿಷಕ್ಕೆ ಹಾಲು ಕುಡಿದು ಸುಮ್ಮನಾಗುತ್ತದೆ. ಗಾಬರಿ ಶುರುವಾಗುವುದು ರಾತ್ರಿ, ಮೈ ಸುಡತೊಡಗಿದಾಗ.

ಜ್ವರ ಯಾಕೆ ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಒಂದೂವರೆ ತಿಂಗಳಿಗೆ ಹಾಕುವ ಪೆಂಟಾವೇಲೆಂಟ್ ಸೂಜಿ 5 ರೋಗಗಳನ್ನು ತಡೆಯುತ್ತದೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ನ್ಯುಮೋನಿಯಾ, ಮಿದುಳುಜ್ವರ ತರುವ ಒಂದು ರೋಗಾಣುವಿನ ಸೋಂಕು). ನಮ್ಮ ಸರ್ಕಾರಿ ಸೂಜಿಯಲ್ಲಿ ನಾಯಿಕೆಮ್ಮಿನ ರೋಗಾಣು ಸತ್ತ ರೂಪದಲ್ಲಿ ಇಡಿಯಾಗಿಯೇ ಇರುತ್ತದೆ. ಅದು ರೋಗ ತರಲಾರದು. ಆದರೆ ಸೂಜಿ ಹಾಕಿದ ತೊಡೆಯಲ್ಲಿರುವ ಕಾವಲು ಕಣಗಳು ಅದನ್ನು ಕಂಡು ಉಳಿದ ಕಣಗಳನ್ನು ಕರೆಯುತ್ತವೆ. ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತದೆ. ಕೆಂಪು, ಊತ, ನೋವು ಅದರಿಂದಲೇ. ಅದೇ ಸುದ್ದಿ ಮಿದುಳಿಗೂ ಮುಟ್ಟಿ, ಅದು ಮೈಬಿಸಿ ಏರಿಸುತ್ತದೆ. ಜ್ವರ ಬರದ ಮಗುವಿಗೂ ಲಸಿಕೆ ಹತ್ತಿರುತ್ತದೆ, ಚಿಂತೆ ಬೇಡ.

ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ತೀವ್ರ ಅಲರ್ಜಿ ಬಹಳ ಅಪರೂಪ. ಬಂದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಬರುತ್ತದೆ, ಆಗ ಸಿಸ್ಟರ್ ಎದುರಿಗೇ ಇರಬೇಕು. ಹೊರಡುವ ಮೊದಲು ಪ್ಯಾರಾಸಿಟಮಾಲ್ ಎಷ್ಟು ಎಂ.ಎಲ್. ಅಂತ ಮಗುವಿನ ತೂಕ ನೋಡಿ ಬರೆಸಿಕೊಳ್ಳಿ.

ಇಲ್ಲಿ ಒಂದು ಮಾತು ಒತ್ತಿ ಹೇಳಲೇಬೇಕು. ಮನೆಯಲ್ಲಿ ದೊಡ್ಡ ಮಗುವಿನ ಸಿರಪ್ ಇರುತ್ತದೆ, ಅಂಗಡಿಯವರು ಡ್ರಾಪ್ಸ್ ಕೊಡುತ್ತಾರೆ. ಎರಡೂ ಪ್ಯಾರಾಸಿಟಮಾಲೇ, ಆದರೆ ಒಂದೊಂದು ಎಂ.ಎಲ್.ನಲ್ಲಿರುವ ಔಷಧಿಯ ಪ್ರಮಾಣ ಬೇರೆ. ಸಾಮಾನ್ಯವಾಗಿ ಡ್ರಾಪ್ಸ್‌ನ 1 ಎಂ.ಎಲ್.ನಲ್ಲಿ 100 ಮಿ.ಗ್ರಾಂ., 5 ಎಂ.ಎಲ್.ಗೆ 125 ಮಿ.ಗ್ರಾಂ. ಇರುವ ಸಿರಪ್‌ನ 1 ಎಂ.ಎಲ್.ನಲ್ಲಿ ಬರೀ 25. ಸಿರಪ್‌ನ ಲೆಕ್ಕದಲ್ಲಿ ಡ್ರಾಪ್ಸ್ ಹಾಕಿದರೆ ಕೂಸಿಗೆ 4 ಪಟ್ಟು ಔಷಧಿ ಹೋಗುತ್ತದೆ! ಬಾಟಲಿಯ ಚೀಟಿಯನ್ನು ಬೆಳಕಿಗೆ ಹಿಡಿದು ಓದಿ. ಊಟದ ಚಮಚ ಬೇಡ, ಜೊತೆಗೆ ಬಂದ ಅಳತೆಯಲ್ಲೇ ಹಾಕಿ. ಎರಡು ಸಲದ ನಡುವೆ 4ರಿಂದ 6 ಗಂಟೆ ಬಿಡಿ, ದಿನಕ್ಕೆ 4 ಸಲ ದಾಟಬೇಡಿ.

ಜ್ವರ ಬಂತು ಅಂತ ಅಜ್ಜಿ ಕುಲಾವಿ ಕಟ್ಟಿ, ಕೌದಿ ಹೊದಿಸುತ್ತಾರೆ. ಅದು ಪ್ರೀತಿಯೇ, ಆದರೆ ಬಿಸಿ ಒಳಗೇ ಉಳಿಯುತ್ತದೆ. ತೆಳುವಾದ ಹತ್ತಿ ಅಂಗಿ ಸಾಕು. ಮೊಲೆಹಾಲು ಮತ್ತೆ ಮತ್ತೆ ಕೊಡಿ. ಊದಿದ ಜಾಗದ ಮೇಲೆ ಒದ್ದೆ ಬಟ್ಟೆ ಇಡಿ. ತಿಕ್ಕಬೇಡಿ, ಅರಿಶಿನ, ಸುಣ್ಣ ಹಚ್ಚಬೇಡಿ. ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಣ್ಣ ಗಂಟು ಕೆಲವು ವಾರ ಉಳಿದರೂ ತಾನೇ ಕರಗುತ್ತದೆ.

9 ತಿಂಗಳ ದಡಾರ-ರುಬೆಲ್ಲಾ ಸೂಜಿಯ ಜ್ವರ ಬರುವುದು ತಡವಾಗಿ, ಸುಮಾರು 6ರಿಂದ 12 ದಿನಕ್ಕೆ, ಕೆಲವೊಮ್ಮೆ ಮೈಮೇಲೆ ಗುಳ್ಳೆಯ ಜೊತೆ. ಅಷ್ಟರಲ್ಲಿ ಸೂಜಿಯ ನೆನಪೇ ಹೋಗಿರುತ್ತದೆ, ಅಲ್ವಾ?

3 ಗಂಟೆ ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಮಗು ಜೋತುಬಿದ್ದು ಬಿಳಿಚಿಕೊಂಡರೆ, ಉಸಿರಾಟ ಕಷ್ಟವಾದರೆ, ಹಾಲು ಬಿಟ್ಟರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಮುಂದಿನ ಸೂಜಿ 4 ವಾರಕ್ಕೆ. ಮೊದಲ ಸಲ ಕಲಿತ ಪಾಠವನ್ನು ಮೈ ಗಟ್ಟಿ ಮಾಡಿಕೊಳ್ಳುವುದು 10 ಮತ್ತು 14ನೇ ವಾರದ ಸೂಜಿಯಲ್ಲಿ. ಅವತ್ತು ಕೂತ ಕೂಡಲೇ, ಕಳೆದ ಸಲ ರಾತ್ರಿ ಏನೇನಾಯಿತು ಅಂತ ಸಿಸ್ಟರ್‌ಗೆ ಹೇಳಿ, ಆಮೇಲೆ ತೊಡೆ ತೋರಿಸಿ.