ಅಡಿಕೆ ತೂಕದ ಸ್ಕ್ರಿಪ್ಟ್, ಮೂರು ಯಂತ್ರ

ಶಿರಸಿಯ ದಲಾಲಿ ಅಂಗಡಿಯೊಂದರ ದಿನದ ತೂಕದ ಫೈಲ್ ಓದಿ, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ವಿಂಗಡಿಸಿ ಮೊತ್ತ ಹಾಕುವ ಸ್ಕ್ರಿಪ್ಟ್ (ಒಂದರ ಹಿಂದೊಂದು ನಡೆಯುವ ಆದೇಶಗಳ ಫೈಲ್) ಇದು. ಅಂಗಡಿಯಲ್ಲಿರುವುದು ಉಬುಂಟು 22.04. ಕಾರವಾರದಲ್ಲಿ ಲೆಕ್ಕ ನೋಡುವವರದ್ದು ಮ್ಯಾಕ್. ಬ್ಯಾಕಪ್ ಯಂತ್ರ ಫ್ರೀಬಿಎಸ್‌ಡಿ. ಮೂರರಲ್ಲೂ ಅದೇ ಸ್ಕ್ರಿಪ್ಟ್ ಓಡಬೇಕಿತ್ತು.

ಯಾವ ಶೆಲ್ (ಆದೇಶ ಓದಿ ನಡೆಸುವ ಪ್ರೋಗ್ರಾಂ) ಬೇಕೆಂದು ಹೇಳುವ ಮೊದಲ ಸಾಲಿನಿಂದಲೇ ತಕರಾರು ಶುರು. ನಾನು ಬರೆದದ್ದು ಬ್ಯಾಶ್ ಎಂಬ ಶೆಲ್‌ಗೆ. ಫ್ರೀಬಿಎಸ್‌ಡಿಯಲ್ಲಿ ಬ್ಯಾಶ್ ಮೂಲದಲ್ಲಿ ಬರುವುದಿಲ್ಲ. ಆಮೇಲೆ ಹಾಕಿಕೊಂಡರೂ ಅದು ಕೂರುವುದು /ಯೂಸರ್/ಲೋಕಲ್ ಕೆಳಗೆ. ಮ್ಯಾಕ್ ಜೊತೆ ಬರುವುದು ಬ್ಯಾಶ್ 3.2. ಹೆಸರು ಕೊಟ್ಟು ಮೌಲ್ಯ ಇಡುವ ಅರೇ ಬಂದದ್ದು ಬ್ಯಾಶ್ 4ರಲ್ಲಿ, ಹಾಗಾಗಿ ಅಲ್ಲಿ ಅದೂ ಇಲ್ಲ. ಮೊತ್ತ ಹಾಕುವ ಕೆಲಸವನ್ನು ಕಲಮು ಓದಿ ಲೆಕ್ಕ ಹಾಕುವ ಆಕ್‌ಗೆ ಒಪ್ಪಿಸಿ, ಉಳಿದದ್ದನ್ನು ಮೂರರಲ್ಲೂ ಇರುವ ಸರಳ ಶೆಲ್ಲಾದ '#!/ಬಿನ್/ಎಸ್‌ಎಚ್'ಗೆ ಇಳಿಸಿದೆ.

ಬರೀ ಆ ಸಾಲು ಬದಲಿಸಿ ಬಿಟ್ಟರೆ ಮಾತ್ರ ಅಪಾಯ. ಉಬುಂಟುವಿನ ಎಸ್‌ಎಚ್ ಎಂದರೆ ಡ್ಯಾಶ್ ಎಂಬ ಬೇರೆ ಶೆಲ್. ಇಫ್ ಒಳಗೆ ಷರತ್ತು ನೋಡುವ ಬ್ಯಾಶ್‌ನ ಜೋಡಿ ಆವರಣ [[ ]] ಉಳಿದಿದ್ದರೆ ಡ್ಯಾಶ್ ಅದನ್ನು ಒಂದು ಕಮ್ಯಾಂಡ್ ಎಂದುಕೊಂಡು ಹುಡುಕುತ್ತದೆ, ಸಿಗದೆ 127 ('ಕಮ್ಯಾಂಡ್ ಸಿಗಲಿಲ್ಲ' ಎಂಬ ಸಂಕೇತ) ಕೊಡುತ್ತದೆ. ಸ್ಕ್ರಿಪ್ಟ್ ನಿಲ್ಲುವುದಿಲ್ಲ, ಷರತ್ತು ಸೋತಿತೆಂದುಕೊಂಡು ಎಲ್ಸ್ ಕಡೆಗೆ ಹೋಗುತ್ತದೆ. ತಪ್ಪಾದ ಕೂಡಲೇ ನಿಲ್ಲಿಸುವ 'ಸೆಟ್ -ಇ' ಹಾಕಿದ್ದರೂ ಅಷ್ಟೇ, ಏಕೆಂದರೆ ಇಫ್‌ನ ಷರತ್ತಿನ ಸೋಲನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಒಂಟಿ ಆವರಣ, == ಬದಲು ಒಂದೇ =, ವೇರಿಯೇಬಲ್‌ಗಳಿಗೆಲ್ಲ ಉದ್ಧರಣ ಚಿಹ್ನೆ, ಎಕೋ ಇದ್ದಲ್ಲಿ ಪ್ರಿಂಟ್‌ಎಫ್. ಇಷ್ಟನ್ನು ಸ್ಕ್ರಿಪ್ಟಿನ ತಪ್ಪು ಹುಡುಕುವ ಶೆಲ್‌ಚೆಕ್ ಹಿಡಿದುಕೊಡುತ್ತದೆ. ಪಠ್ಯ ತಿದ್ದುವ ಸೆಡ್, ದಿನಾಂಕ ಕೊಡುವ ಡೇಟ್‌ಗಳ ಆಯ್ಕೆ ಯಾವ ಯಂತ್ರದಲ್ಲಿ ನಡೆಯುತ್ತದೆ ಎಂಬುದನ್ನು ಅದು ನೋಡುವುದಿಲ್ಲ.

ಫೈಲನ್ನು ಇದ್ದಲ್ಲೇ ತಿದ್ದುವ 'ಸೆಡ್ -ಐ' ಬಳಸುವುದನ್ನೇ ಬಿಟ್ಟೆ. ಮ್ಯಾಕ್‌ನ ಸೆಡ್ ಅದರ ಮುಂದಿನ ಪದವನ್ನು ಬ್ಯಾಕಪ್ ಫೈಲಿನ ಬಾಲವೆಂದು ನುಂಗುತ್ತದೆ. ಅದಕ್ಕೆಂದು ಖಾಲಿ '' ಕೊಟ್ಟರೆ ಉಬುಂಟುವಿನ ಗ್ನೂ ಸೆಡ್ ಅದನ್ನೇ ಆದೇಶವೆಂದುಕೊಂಡು, ನಿಜವಾದ ಆದೇಶವನ್ನು ಫೈಲ್ ಹೆಸರೆಂದು ಹುಡುಕುತ್ತದೆ. ಈಗ ಫಲಿತಾಂಶ ತಾತ್ಕಾಲಿಕ ಫೈಲಿಗೆ ಹೋಗುತ್ತದೆ, ಅಲ್ಲಿಂದ ಕ್ಯಾಟ್ ಮೂಲಕ > ಹಾಕಿ ಮೂಲ ಫೈಲಿಗೆ ಮರಳುತ್ತದೆ. ಎಂವಿ ಆದೇಶದಿಂದ ತಾತ್ಕಾಲಿಕ ಫೈಲನ್ನೇ ಅದರ ಜಾಗಕ್ಕೆ ಸರಿಸಿದರೆ ಮೂಲ ಫೈಲಿನ ಅನುಮತಿಗಳು ಹೋಗಿಬಿಡುತ್ತವೆ. 'ನಿನ್ನೆ'ಯ ದಿನಾಂಕ ಗ್ನೂದಲ್ಲಿ -ಡಿ, ಮ್ಯಾಕ್ ಮತ್ತು ಫ್ರೀಬಿಎಸ್‌ಡಿಯಲ್ಲಿ -ವಿ. ಆ ಜಗಳವೇ ಬೇಡವೆಂದು ದಿನಾಂಕವನ್ನು ಹೊರಗಿನಿಂದ ಕೊಡುತ್ತೇನೆ.

ನಿಜವಾದ ಪೆಟ್ಟು ಕೊಟ್ಟದ್ದು ಕನ್ನಡ ಅಂಕಿ. ತೂಕ ಬರೆಯುವವರು ಕೆಲವರು ೫೨ ಎಂದೇ ಬರೆಯುತ್ತಾರೆ, ಬರೆಯಲಿ. ಅದನ್ನು 52 ಮಾಡಲು ಅಕ್ಷರ ಬದಲಿಸುವ ಟಿಆರ್‌ಗೆ '೦-೯' '0-9' ಎಂದು ಕೊಟ್ಟರೆ ಮ್ಯಾಕ್‌ನ ಟರ್ಮಿನಲ್‌ನಲ್ಲಿ ಸರಿಯಾಗಿ ಬರುತ್ತದೆ. ಗ್ನೂ ಟಿಆರ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಂಕಿಗೂ ಮೂರು ಬೈಟ್. ಹಾಗಾಗಿ ೫ ಹೋಗಿ 997, ೨ ಹೋಗಿ 994 ಆಗುತ್ತದೆ. ೫೨ ಕಿಲೋ ಚಾಲಿ 997994 ಕಿಲೋ! ದೋಷದ ಸಂದೇಶ ಒಂದೂ ಇಲ್ಲ, ಆಚೆ ಬರುವುದು ಚೊಕ್ಕ ಸಂಖ್ಯೆ.

ಸೆಡ್‌ನ 'ವೈ' (ಅಕ್ಷರಕ್ಕೆ ಅಕ್ಷರ ಬದಲಿಸುವ) ಆದೇಶವೂ ಲೊಕೇಲ್ (ಭಾಷೆ, ಅಕ್ಷರ ಸಂಕೇತಗಳ ಸೆಟ್ಟಿಂಗ್) ನಂಬಿಕೊಂಡೇ ಕೂತಿದೆ. ಹೇಳಿದ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ನಲ್ಲಿ ಓಡುವಾಗ ಟರ್ಮಿನಲ್‌ನ ಲೊಕೇಲ್ ಸಿಗುತ್ತದೆಂಬ ಭರವಸೆ ಇಲ್ಲ. ಮೂರೂ ಕಡೆ ನಿಂತದ್ದು ಹತ್ತು ಬೇರೆ ಬೇರೆ ಬದಲಾವಣೆ: ಎಸ್/೦/0/ಜಿ, ಎಸ್/೧/1/ಜಿ, ಹೀಗೆ ೯ರ ತನಕ. ನೋಡಲು ಚೆಂದವಿಲ್ಲ. ಆದರೆ ಮೂರು ಬೈಟಿನ ಸರಣಿಯನ್ನು ಇಡಿಯಾಗಿ ಹುಡುಕುವುದರಿಂದ ಲೊಕೇಲ್ ಬರೀ ಬೈಟ್ ನೋಡುವ 'ಸಿ' ಆಗಿದ್ದರೂ ಕೆಡುವುದಿಲ್ಲ. ಇದಾದ ಮೇಲೆ 0ಯಿಂದ 9 ಮತ್ತು ಚುಕ್ಕಿ ಬಿಟ್ಟು ಬೇರೇನಾದರೂ ತೂಕದ ಕಲಮಿನಲ್ಲಿ ಉಳಿದಿದ್ದರೆ ಸ್ಕ್ರಿಪ್ಟ್ ಸಾಲಿನ ಸಂಖ್ಯೆ ಹೇಳಿ ನಿಲ್ಲುತ್ತದೆ.

ಕೊನೆಗೆ ಉಳಿದದ್ದು ಕಲಮುಗಳನ್ನು ನೇರ ಮಾಡುವ ಕೆಲಸ. 'ಚಾಲಿ'ಯ ಉದ್ದ ಎಷ್ಟೆಂದು ಕೇಳಿದರೆ ಯುಟಿಎಫ್-8 ಲೊಕೇಲ್‌ನಲ್ಲಿ ಗಾಕ್ (ಗ್ನೂದ ಆಕ್) ಸಂಕೇತ ಎಣಿಸಿ 4 ಎನ್ನುತ್ತದೆ, ಉಬುಂಟುವಿನ ಆಕ್ ಆದ ಮಾಕ್ ಬೈಟ್ ಎಣಿಸಿ 12 ಎನ್ನುತ್ತದೆ, ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಜಾಗ ತುಂಬಿಸುವ ಗೋಜಿಗೆ ಹೋಗದೆ ನಡುವೆ ಟ್ಯಾಬ್ ಹಾಕಿ ಕಳಿಸುತ್ತೇನೆ. ಕಾರವಾರದಲ್ಲಿ ಅದನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದುಕೊಳ್ಳುತ್ತಾರೆ.