ಬಗ್ ಎಲ್ಲಿ ಬರೆಯುವುದು, ಕೋಡ್ ಯಾರು ನೋಡುವುದು?

ಜಯನಗರದ ದರ್ಶಿನಿಯೊಂದರಲ್ಲಿ ಬೈಟು ಕಾಫಿ ಕುಡಿಯುತ್ತಾ ಶುರುವಾದ ನಮ್ಮ ಕನ್ನಡ ಕೀಬೋರ್ಡ್ ಪ್ರಾಜೆಕ್ಟಿಗೆ ಮೊದಲ ಆರು ತಿಂಗಳು ಬಗ್ ಪಟ್ಟಿ, ಅಂದರೆ ತಂತ್ರಾಂಶದ ದೋಷಗಳ ಪಟ್ಟಿ ಅಂತ ಇದ್ದದ್ದು ಒಂದು ವಾಟ್ಸ್‌ಆ್ಯಪ್ ಗುಂಪು. ಬೆಳಿಗ್ಗೆ ಯಾರೋ ‘ಒತ್ತಕ್ಷರ ಸರಿ ಬರ್ತಿಲ್ಲ’ ಅಂತ ಹಾಕಿದರೆ, ಮಧ್ಯಾಹ್ನದೊಳಗೆ ಅದು ಹುಟ್ಟುಹಬ್ಬದ ಹಾರೈಕೆಗಳ ಕೆಳಗೆ ಹೂತುಹೋಗುತ್ತಿತ್ತು. ಒಂದೇ ಬಗ್ಗನ್ನು ಇಬ್ಬರು ಎರಡು ಥರ ರಿಪೇರಿ ಮಾಡಿ ತಂದ ದಿನ, ಬಗ್ ಬರೆದಿಡಲು, ಕೋಡ್ ಪರಿಶೀಲಿಸಲು ಸರಿಯಾದ ಟೂಲ್ ಹುಡುಕೋಣ ಎಂದು ಕೂತೆವು. ನೀವೂ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ) ಪ್ರಾಜೆಕ್ಟ್ ನಡೆಸುತ್ತಿದ್ದರೆ ಈ ಕ್ರಮದಲ್ಲಿ ಯೋಚಿಸಿ.

ಮೊದಲು, ಬಗ್ ಹೇಳುವವರು ಯಾರು?

ಟೂಲ್‌ಗಳ ಹೋಲಿಕೆ ಪಟ್ಟಿ ತೆರೆಯುವ ಮೊದಲೇ ಇದನ್ನು ಕೇಳಿಕೊಳ್ಳಿ. ನಮಗೆ ಬಗ್ ಹೇಳುವವರು ಡಿಟಿಪಿ ಅಂಗಡಿಯವರು, ನಿವೃತ್ತ ಮೇಷ್ಟ್ರುಗಳು. 1998ರಲ್ಲಿ ಮೊಜಿಲ್ಲಾದಲ್ಲಿ ಹುಟ್ಟಿದ ಬಗ್‌ಜಿಲ್ಲಾ ಎಂಬ ಬಗ್ ದಾಖಲಿಸುವ ಟೂಲ್ ಗಟ್ಟಿ ಆಸಾಮಿ. ಲಿನಕ್ಸ್ ಡೆಸ್ಕ್‌ಟಾಪ್ ತಯಾರಿಸುವ ಕೆಡಿಇ ತನ್ನ ಕೋಡನ್ನು ಗಿಟ್‌ಲ್ಯಾಬ್ ಎಂಬ ಕೋಡ್ ಇಡುವ ತಾಣಕ್ಕೆ ಸಾಗಿಸಿದ ಮೇಲೂ ಬಗ್‌ಗಳನ್ನು ಬಗ್‌ಜಿಲ್ಲಾದಲ್ಲೇ ಇಟ್ಟುಕೊಂಡಿದೆ. ಆದರೆ ಪ್ರಾಡಕ್ಟ್ ಯಾವುದು, ಕಾಂಪೊನೆಂಟ್ ಯಾವುದು ಎಂದು ಅದು ಕೇಳತೊಡಗಿದರೆ ನಮ್ಮ ಮೇಷ್ಟ್ರು ಕಂಪ್ಯೂಟರ್ ಮುಚ್ಚಿ ಎದ್ದು ಹೋಗುತ್ತಾರೆ. ಸಣ್ಣ ತಂಡಕ್ಕೆ ಗಿಟ್‌ಹಬ್ ಅಥವಾ ಗಿಟ್‌ಲ್ಯಾಬಿನ ಇಶ್ಯೂ (ದೂರು ಬರೆಯುವ) ಪುಟವೇ ಸಾಕು. ಅದರಲ್ಲೊಂದು ಕನ್ನಡದ ಟೆಂಪ್ಲೇಟ್ ಇಡಿ: ಯಾವ ಫೋನು, ಏನು ಒತ್ತಿದಿರಿ, ಏನು ಬಂತು, ಏನು ಬರಬೇಕಿತ್ತು.

ಸ್ಕ್ರೀನ್‌ಶಾಟ್ ಜೊತೆ ಆ ಪಠ್ಯವನ್ನೂ ಅಂಟಿಸಲು ತಪ್ಪದೆ ಹೇಳಿ. ನಮ್ಮನ್ನು ಬಹಳ ಸತಾಯಿಸಿದ್ದು ‘ರ‍್ಯಾಂಕ್’ ಎಂಬ ಪದ. ಕೆಲವರ ಫೋನಿನಲ್ಲಿ ಅದು ಅರ್ಕಾವತ್ತು ಹೊತ್ತು ‘ರ್ಯಾಂಕ್’ ಆಗುತ್ತಿತ್ತು. ರಕಾರಕ್ಕೂ ವಿರಾಮಕ್ಕೂ (ಅರ್ಧಾಕ್ಷರ ಮಾಡುವ ‘್’ ಚಿಹ್ನೆ) ನಡುವೆ ಕಣ್ಣಿಗೆ ಕಾಣದ ಜೋಡಕವೊಂದು, ಅಂದರೆ ಝಡ್‌ಡಬ್ಲ್ಯುಜೆ, ಇರಬೇಕು. ಅದು ಟೈಪ್ ಮಾಡುವಾಗಲೇ ತಪ್ಪಿತೋ ಅಥವಾ ಫಾಂಟ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲವೋ ಎಂಬುದು ಚಿತ್ರ ನೋಡಿದರೆ ತಿಳಿಯುವುದಿಲ್ಲ. ಅಂಟಿಸಿದ ಪಠ್ಯದ ಯೂನಿಕೋಡ್ ಸಂಕೇತಗಳನ್ನು ಬಿಡಿಸಿ ನೋಡಿದರೆ ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಆಮೇಲೆ, ಕೋಡ್ ನೋಡುವವರು ಎಷ್ಟು ಜನ?

ನಾವು ಮೂವರು. ಆಂಡ್ರಾಯ್ಡ್ ಬಳಸುವ ಕೋಡ್ ಪರಿಶೀಲನೆಯ ಟೂಲ್ ಗೆರಿಟ್ ನನಗಂತೂ ಬಹಳ ಇಷ್ಟ. ಅದರಲ್ಲಿ ಒಂದೊಂದು ಕಮಿಟ್ಟೂ (ಕೋಡಿನ ಒಂದು ಬದಲಾವಣೆ) ಬೇರೆಯಾಗಿ ಪರಿಶೀಲನೆಗೆ ಬರುತ್ತದೆ, ತಿದ್ದಿ ಕಳಿಸಿದರೆ ಹಳೆಯದರ ಪಕ್ಕದಲ್ಲೇ ಹೊಸ ಆವೃತ್ತಿ ಕೂರುತ್ತದೆ, ‘ಪ್ಲಸ್ ಎರಡು’ ಎಂಬ ಒಪ್ಪಿಗೆ ಸಿಗದೆ ಒಳಗೆ ಪ್ರವೇಶವಿಲ್ಲ. ಆದರೆ ಹೊಸಬರಿಗೆ ಅದನ್ನು ಕಲಿಸುವಷ್ಟರಲ್ಲಿ ಅವರ ಉತ್ಸಾಹ ಆರಿರುತ್ತದೆ. ಕನ್ನಡ ವಿಕಿಪೀಡಿಯದ ತಾಂತ್ರಿಕ ದೋಷ ಹೇಳಲು ಹೋದವರಿಗೆ ಇದರ ಅನುಭವ ಇರಬಹುದು: ದೂರು ಫ್ಯಾಬ್ರಿಕೇಟರ್ ಎಂಬ ಇನ್ನೊಂದು ಟೂಲ್‌ನಲ್ಲಿ, ವಿಕಿಪೀಡಿಯವನ್ನು ಓಡಿಸುವ ಮೀಡಿಯಾವಿಕಿಯ ಕೋಡ್ ಗೆರಿಟ್‌ನಲ್ಲಿ. ಕೆಲವು ದೊಡ್ಡ ಪ್ರಾಜೆಕ್ಟ್‌ಗಳು ಎಲ್ಲವನ್ನೂ ಒಂದೇ ಕಡೆ ತಂದಿವೆ. ಪೈಥಾನ್ ತನ್ನ ಬಗ್ ಪಟ್ಟಿಯನ್ನು 2022ರಲ್ಲಿ ಗಿಟ್‌ಹಬ್ಬಿಗೆ ತಂದಿತು. ಕಂಪೈಲರ್ ಕಟ್ಟುವ ಎಲ್‌ಎಲ್‌ವಿಎಂ ಮೊದಲು ಬಗ್‌ಜಿಲ್ಲಾ ಬಿಟ್ಟಿತು, 2023ರಲ್ಲಿ ಕೋಡ್ ಪರಿಶೀಲನೆಗೂ ಫ್ಯಾಬ್ರಿಕೇಟರ್ ಬಿಟ್ಟು ಗಿಟ್‌ಹಬ್ಬಿನ ಪುಲ್ ರಿಕ್ವೆಸ್ಟಿಗೆ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂತು.

ಯಾವುದನ್ನೇ ಆರಿಸಿ, ಮುಖ್ಯ ಬ್ರಾಂಚಿಗೆ (ಅಧಿಕೃತ ಕೋಡ್ ಇರುವ ಕವಲು) ಬೀಗ ಹಾಕಿ, ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಏನೂ ಮರ್ಜ್ ಆಗದಂತೆ, ಅಂದರೆ ಸೇರಿಕೊಳ್ಳದಂತೆ ಮಾಡಿ. ಫಾರ್ಮ್ಯಾಟಿಂಗ್ ಜಗಳವನ್ನು ಯಂತ್ರಕ್ಕೆ ಬಿಡಿ. ಒಮ್ಮೆ ಕಾಲೇಜು ಹುಡುಗನೊಬ್ಬ ಸಾವಿರ ಸಾಲಿಗೂ ಮೇಲ್ಪಟ್ಟ ಪುಲ್ ರಿಕ್ವೆಸ್ಟ್ ಕಳಿಸಿದ. ಅದನ್ನು ಯಾರು ನೋಡಬೇಕು ಎಂದು ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಮೂರು ವಾರ ಕಳೆದಿತ್ತು, ಹುಡುಗ ಬೇರೆ ಪ್ರಾಜೆಕ್ಟ್ ಸೇರಿದ್ದ. ಈಗ ಸುಮಾರು 200 ಸಾಲು ದಾಟಿದರೆ ಒಡೆದು ಕಳಿಸಪ್ಪಾ ಅನ್ನುತ್ತೇವೆ.

ಹೊರಬರುವ ಬಾಗಿಲು ಎಲ್ಲಿದೆ?

ಟೂಲ್ ಬಿಡಬೇಕಾದಾಗ ನಮ್ಮ ದಾಖಲೆಗಳನ್ನು ಹೊರತರುವುದು ಹೇಗೆ? ಹೆಚ್ಚಿನವರು ಮರೆಯುವುದು ಇದನ್ನೇ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಕೋಡಿನ ಪೂರ್ತಿ ಇತಿಹಾಸ, ಅದನ್ನು ಕ್ಲೋನ್ (ಪೂರ್ತಿ ನಕಲು) ಮಾಡಿಕೊಂಡ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ಇಶ್ಯೂಗಳು, ರಿವ್ಯೂ ಚರ್ಚೆಗಳು ಹಾಗಲ್ಲ, ಅವು ಇರುವುದು ಸರ್ವರಿನ ಡೇಟಾಬೇಸಿನಲ್ಲಿ. ನಾವು ಸ್ವಾಭಿಮಾನದಿಂದ ರಾಜಾಜಿನಗರದ ಗೆಳೆಯನ ಮನೆಯ ಅಟ್ಟದ ಮೇಲೆ ಹಳೇ ಕಂಪ್ಯೂಟರ್ ಇಟ್ಟು ಸ್ವಂತ ಬಗ್ ಟ್ರ್ಯಾಕರ್ ನಡೆಸಿದ್ದೆವು. ಮೇ ತಿಂಗಳ ಒಂದು ಸಂಜೆ ಗುಡುಗು ಮಳೆ, ಕರೆಂಟ್ ನಾಲ್ಕು ಸಲ ಹೋಗಿ ಬಂತು, ಡಿಸ್ಕ್ ಮತ್ತೆ ಏಳಲಿಲ್ಲ. ಕೋಡಿನ ಒಂದು ಸಾಲೂ ಹೋಗಲಿಲ್ಲ, ಇಶ್ಯೂ ಒಂದೂ ಉಳಿಯಲಿಲ್ಲ.

ದೊಡ್ಡವರ ಆಸರೆಯೂ ಶಾಶ್ವತವಲ್ಲ. ಕೋಡ್ ಇಡುವ ತಾಣವಾಗಿದ್ದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಬಾಗಿಲು ಹಾಕಿತು. ಫ್ಯಾಬ್ರಿಕೇಟರ್ ನೋಡಿಕೊಳ್ಳುತ್ತಿದ್ದ ಕಂಪನಿ 2021ರಲ್ಲಿ ಕೈಬಿಟ್ಟಾಗ ಬಳಕೆದಾರರೇ ಫೋರ್ಜ್ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಬೇಕಾಯಿತು. ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್ ಕೈಯಲ್ಲಿದೆ, ಅದರ ಸ್ವಂತ ಕೋಡ್ ಮುಕ್ತವೂ ಅಲ್ಲ. ಇದು ಮುಜುಗರ ಅನ್ನಿಸಿದರೆ, ಬರ್ಲಿನ್ನಿನ ಲಾಭರಹಿತ ಸಂಸ್ಥೆ ನಡೆಸುವ ಕೋಡ್‌ಬರ್ಗ್ ಇದೆ. ಅದು ಓಡುವುದು ಫೋರ್ಜೆಯೊ ಎಂಬ ಮುಕ್ತ ತಂತ್ರಾಂಶದ ಮೇಲೆ. ಗಿಟ್‌ಲ್ಯಾಬ್ ಮತ್ತು ಫೋರ್ಜೆಯೊ ಎರಡೂ ಗಿಟ್‌ಹಬ್ಬಿನಿಂದ ಇಶ್ಯೂಗಳನ್ನು ಎಳೆದುಕೊಳ್ಳಬಲ್ಲವು. ಹಾಗೆಂದು ಪ್ರತಿ ತಿಂಗಳೂ ಇಶ್ಯೂಗಳನ್ನು ಇಳಿಸಿ ಬೇರೆ ಕಡೆ ಇಡುವ ಕೆಲಸ ತಪ್ಪಿಸಬೇಡಿ.

ಭದ್ರತೆಯ ದೋಷಕ್ಕೆ ಬೇರೆ ದಾರಿ ಬೇಕು. ನಮ್ಮದು ಕೀಬೋರ್ಡ್, ಜನ ಬ್ಯಾಂಕ್ ಪಾಸ್‌ವರ್ಡನ್ನೂ ಅದರಲ್ಲೇ ಒತ್ತುತ್ತಾರೆ. ಗಿಟ್‌ಲ್ಯಾಬಿನಲ್ಲಿ ಇಶ್ಯೂವನ್ನು ಗೌಪ್ಯ ಎಂದು ಗುರುತಿಸಬಹುದು. ಗಿಟ್‌ಹಬ್ಬಿನಲ್ಲಾದರೆ ಖಾಸಗಿ ವರದಿಯ ಸೌಲಭ್ಯವನ್ನು ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಆನ್ ಮಾಡಬೇಕು.

ಕೊನೆಗೆ ಎರಡು ಟೂಲ್ ಉಳಿದವೆನ್ನಿ. ವಾಟ್ಸ್‌ಆ್ಯಪ್ಪಿನಿಂದ ಹತ್ತು ನಿಜವಾದ ಬಗ್ ಎತ್ತಿ ಎರಡರಲ್ಲೂ ಹಾಕಿ ಎರಡು ವಾರ ಓಡಿಸಿ. ತಂಡದ ಅತಿ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಸರ್, ಒಂದು ಬಗ್ ನೀವೇ ಬರೀರಿ’ ಅನ್ನಿ. ಮೌಸ್ ಮುಟ್ಟಬೇಡಿ. ಅವರು ಎಲ್ಲೆಲ್ಲಿ ತಡವರಿಸುತ್ತಾರೋ ಬರೆದುಕೊಳ್ಳಿ, ಲಾಗಿನ್ ಪುಟದಿಂದಲೇ ಶುರುಮಾಡಿ.